ಅತಿ ಸ್ಥೂಲಕಾಯಕ್ಕೆ ಶಸ್ತ್ರಚಿಕಿತ್ಸೆ: ಇಳಿಯುವುದು ತೂಕವೊಂದೇ ಅಲ್ಲ

ಸ್ಥೂಲಕಾಯದವರನ್ನು ಕಂಡು ನಗುವುದು ಲೋಕರೂಢಿ. ಪಂಕ್ತಿಯಲ್ಲಿ ಕುಳಿತರೆ ಎಲ್ಲರ ಕಣ್ಣೂ ಅವರ ಎಲೆಯ ಮೇಲೆಯೇ. ಬಾಯಿ ಕಟ್ಟಬೇಕು, ಮುಂಜಾನೆ ಎದ್ದು ನಡೆಯಬೇಕು, ಒಪ್ಪೊತ್ತು ಇರಬೇಕು ಎಂಬ ಉಪದೇಶವೂ ಧಾರಾಳ. ಹತ್ತು ಕಿಲೋ ಹೆಚ್ಚಿರುವವರಿಗೆ ಈ ಮಾತು ಸಲ್ಲಬಹುದು. ತೂಕವು ಮೇರೆ ಮೀರಿದ ಮೇಲಾದರೋ ದೇಹವೇ ಆ ತೂಕದ ಕಾವಲಿಗೆ ನಿಲ್ಲುತ್ತದೆ. ಉಪವಾಸದಿಂದ ತೂಕ ಇಳಿದೊಡನೆ ಹಸಿವನ್ನು ಕೆರಳಿಸುವ ಹಾರ್ಮೋನುಗಳು ಹೆಚ್ಚುತ್ತವೆ, ದೇಹದ ಶಕ್ತಿವ್ಯಯ ತಗ್ಗುತ್ತದೆ, ಕಳೆದ ತೂಕ ಮರಳಿ ಬರುತ್ತದೆ. ಇದನ್ನು ಮನೋದೌರ್ಬಲ್ಯವೆಂದು ಜರೆಯುವುದು ಅನ್ಯಾಯ.

ಇಂಥವರಿಗೆ ಜಠರದ ಶಸ್ತ್ರಚಿಕಿತ್ಸೆಯಿಂದ ಉಪಕಾರವಾಗಬಹುದೆಂದು ಮೊದಲು ಯೋಚಿಸಿದವರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಡಾ. ಎಡ್ವರ್ಡ್ ಮೇಸನ್ ಮುಖ್ಯರು. ಹುಣ್ಣಿನ ಕಾರಣ ಜಠರದ ಭಾಗವನ್ನು ತೆಗೆಸಿಕೊಂಡ ಸ್ತ್ರೀಯರು ಮತ್ತೆ ಮೈ ತುಂಬಿಕೊಳ್ಳದಿರುವುದನ್ನು ಅವರು ಗಮನಿಸಿ, 1966ರಲ್ಲಿ ಸ್ಥೂಲಕಾಯಕ್ಕಾಗಿಯೇ ‘ಗ್ಯಾಸ್ಟ್ರಿಕ್ ಬೈಪಾಸ್’ ನಡೆಸಿದರು. ಇಂದಿನ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯನ್ನು ಪುಟ್ಟ ಚೀಲವಾಗಿ ಬೇರ್ಪಡಿಸಿ, ಸಣ್ಣಕರುಳಿನ ಮುಂದಿನ ಭಾಗವನ್ನು ಅದಕ್ಕೆ ಜೋಡಿಸುತ್ತಾರೆ. ‘ಸ್ಲೀವ್’ ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಬಾಳೆಕಾಯಿಯಂಥ ನಳಿಕೆಯಾಗಿಸುತ್ತಾರೆ. ಎರಡನ್ನೂ ಈಗ ಸಣ್ಣ ರಂಧ್ರಗಳ ಮೂಲಕವೇ ಮಾಡುವುದು ವಾಡಿಕೆ.

ಹೊಟ್ಟೆ ಚಿಕ್ಕದಾಯಿತು, ಊಟ ಕಡಿಮೆಯಾಯಿತು, ತೂಕ ಇಳಿಯಿತು ಎಂದಿಷ್ಟೇ ಆಗಿದ್ದರೆ ಇದೊಂದು ಸೌಂದರ್ಯಸಾಧನವೆನಿಸಿ ಬಿಡುತ್ತಿತ್ತು. ವೈದ್ಯಲೋಕವನ್ನು ಬೆರಗುಗೊಳಿಸಿದ್ದು ಬೇರೆ ಸಂಗತಿ. ಉತ್ತರ ಕೆರೊಲಿನಾದ ಡಾ. ವಾಲ್ಟರ್ ಪೋರೀಸ್ 1995ರಲ್ಲಿ ತಮ್ಮ ಬೈಪಾಸ್ ರೋಗಿಗಳ ದೀರ್ಘಕಾಲದ ವರದಿಯನ್ನು ಪ್ರಕಟಿಸಿದರು. ಅವರ ಮಧುಮೇಹಿಗಳಲ್ಲಿ ನೂರಕ್ಕೆ 80ಕ್ಕೂ ಮಿಕ್ಕಿದವರ ರಕ್ತದ ಸಕ್ಕರೆ ಸಹಜ ಮಟ್ಟಕ್ಕೆ ಬಂದು ನಿಂತಿತ್ತು. ಅದೂ ತೂಕ ಇಳಿಯುವವರೆಗೆ ಕಾಯದೆ, ಅನೇಕರಲ್ಲಿ ಕೆಲವೇ ದಿನಗಳೊಳಗೆ! ಆಹಾರವು ಕರುಳಿನ ಕೆಳಭಾಗವನ್ನು ಬೇಗನೆ ಮುಟ್ಟುವುದರಿಂದ ಅಲ್ಲಿ ಜಿ.ಎಲ್.ಪಿ.-1 ಎಂಬ ಹಾರ್ಮೋನು ಹೇರಳವಾಗಿ ಸ್ರವಿಸಿ, ಮೇದೋಜೀರಕ ಗ್ರಂಥಿಯ ಇನ್ಸುಲಿನ್ನನ್ನು ಎಚ್ಚರಿಸುತ್ತದೆ, ಮಿದುಳಿಗೆ ತೃಪ್ತಿಯ ಸುದ್ದಿ ಮುಟ್ಟಿಸುತ್ತದೆ. ಈಚೆಗೆ ಹೆಸರಾದ ವಾರಕ್ಕೊಂದು ಚುಚ್ಚುಮದ್ದು ಇದೇ ಹಾರ್ಮೋನಿನ ಅನುಕರಣೆ. ಆದರೆ ಅದನ್ನು ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆ.

ಹಾಗೆಂದು ಮಧುಮೇಹ ಬೇರುಸಹಿತ ಹೋಯಿತೆನ್ನುವಂತಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 150 ಮಧುಮೇಹಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಪ್ರಯೋಗದ ಐದು ವರ್ಷಗಳ ಫಲ 2017ರಲ್ಲಿ ಹೊರಬಂತು. ಸಕ್ಕರೆಯ ಕಟ್ಟುನಿಟ್ಟಾದ ಗುರಿಯನ್ನು ಮುಟ್ಟಿದವರು ಬೈಪಾಸ್ ಗುಂಪಿನಲ್ಲಿ ನೂರಕ್ಕೆ 29, ಸ್ಲೀವ್ ಗುಂಪಿನಲ್ಲಿ 23, ಔಷಧಿಯನ್ನಷ್ಟೇ ನಂಬಿದವರಲ್ಲಿ 5. ರೋಗ ಹಳೆಯದಾಗಿ ಇನ್ಸುಲಿನ್ ಹಿಡಿದವರಿಗಿಂತ ಹೊಸ ಮಧುಮೇಹಿಗಳಿಗೆ ಲಾಭ ಹೆಚ್ಚು. ಮೀನಮೇಷ ಎಣಿಸುತ್ತ ಹತ್ತು ವರ್ಷ ಕಳೆದವರು ಕಳೆದುಕೊಳ್ಳುವುದು ಇದನ್ನೇ.

ಆಯುಷ್ಯದ ಮಾತಿಗೆ ಸ್ವೀಡನ್ನಿನ ಸಾಕ್ಷ್ಯವಿದೆ. 1987ರಲ್ಲಿ ಆರಂಭವಾದ ಅಲ್ಲಿನ ಅಧ್ಯಯನದಲ್ಲಿ 2010 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು; ಅವರಂಥವರೇ 2037 ಮಂದಿ ಸಾಮಾನ್ಯ ಚಿಕಿತ್ಸೆಯಲ್ಲಿದ್ದರು. ಸರಾಸರಿ ಸುಮಾರು 11 ವರ್ಷಗಳಲ್ಲಿ ಮೊದಲ ಗುಂಪಿನಲ್ಲಿ 101, ಎರಡನೆಯದರಲ್ಲಿ 129 ಸಾವುಗಳಾದವು. ಚಿಕಿತ್ಸೆಯಾದ 90 ದಿನಗಳೊಳಗೆ ತೀರಿಕೊಂಡ ಐವರೂ ಆ 101ರಲ್ಲಿ ಸೇರಿದ್ದಾರೆ; ಅಪಾಯವೇ ಇಲ್ಲವೆನ್ನುವವರ ಮಾತು ನಂಬತಕ್ಕದ್ದಲ್ಲ. ರಕ್ತದೊತ್ತಡ, ನಿದ್ರೆಯಲ್ಲಿ ಉಸಿರುಕಟ್ಟುವಿಕೆ, ಯಕೃತ್ತಿನ ಕೊಬ್ಬು, ಮಂಡಿನೋವು ಮುಂತಾದವೂ ಬಹುಜನರಲ್ಲಿ ಶಮನಗೊಳ್ಳುತ್ತವೆ.

ಯಾರಿಗೆ ಈ ಚಿಕಿತ್ಸೆ? ಕಿಲೋಗ್ರಾಂ ತೂಕವನ್ನು, ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿ ಬರುವ ಬಿ.ಎಂ.ಐ. ಅಂಕಿಯೇ ವೈದ್ಯರ ಮೊದಲ ಅಳತೆಗೋಲು. 1991ರಲ್ಲಿ ಅಮೆರಿಕದ ತಜ್ಞರು ಗೊತ್ತುಮಾಡಿದ ಮಿತಿ 40, ಜೊತೆಗೆ ಗಂಭೀರ ರೋಗವಿದ್ದರೆ 35. 2022ರಲ್ಲಿ ಅಂತರರಾಷ್ಟ್ರೀಯ ಸಂಘಗಳು ರೋಗವಿಲ್ಲದವರಿಗೂ 35 ಸಾಕೆಂದವು. 160 ಸೆಂಟಿಮೀಟರ್ ಎತ್ತರದವರಿಗೆ ಅದು ಸುಮಾರು 90 ಕಿಲೋ. ಏಷ್ಯಾದವರಿಗೆ ಮಿತಿ ಇನ್ನೂ ಕೆಳಗೆ. ಇದರ ಕಾರಣವನ್ನು ತಿಳಿಯಲು ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕ್ ಹಾಗೂ ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ತಮ್ಮದೇ ಭಾವಚಿತ್ರವನ್ನು ನೋಡಬೇಕು. ಇಬ್ಬರ ಬಿ.ಎಂ.ಐ.ಯೂ 22.3; ಕೊಬ್ಬಿನ ಅಂಶ ಮಾತ್ರ ಯುಡ್ಕಿನ್‌ರಲ್ಲಿ ನೂರಕ್ಕೆ 9.1, ಯಾಜ್ಞಿಕ್‌ರಲ್ಲಿ 21.2! ತೆಳ್ಳಗೆ ಕಾಣುವ ಭಾರತೀಯರಲ್ಲೂ ಮಧುಮೇಹ ಹೊಂಚುಹಾಕುವುದು ಹೀಗೆ.

ಚಿಕಿತ್ಸೆಯ ಅನಂತರದ ಜೀವನಕ್ರಮ ಸುಲಭದ್ದಲ್ಲ. ಮೊದಮೊದಲು ಬೇಳೆಕಟ್ಟು, ಮಜ್ಜಿಗೆಯಂಥ ದ್ರವಾಹಾರ, ಆಮೇಲೆ ಮೆತ್ತನೆಯದು, ವಾರಗಳ ಬಳಿಕ ಗಟ್ಟಿ ಆಹಾರ, ಅದೂ ಕೆಲವೇ ತುತ್ತು. ಆ ತುತ್ತುಗಳಲ್ಲಿ ಅನ್ನಕ್ಕಿಂತ ಮೊದಲು ಬೇಳೆ, ಮೊಳಕೆಕಾಳು, ಮೊಸರು ಸೇರಬೇಕು. ಬೈಪಾಸ್ ಆದವರಿಗೆ ಹಬ್ಬದ ದಿನ ‘ಒಂದೇ ಒಂದು’ ಎಂದು ಹೋಳಿಗೆ ಬಡಿಸಿ ಬಲವಂತ ಮಾಡಿದರೆ, ಸಕ್ಕರೆ ಥಟ್ಟನೆ ಕರುಳಿಗಿಳಿದು ಬೆವರು, ಎದೆಬಡಿತ, ತಲೆಸುತ್ತು ಕಾಣಿಸಬಹುದು. ಸ್ತ್ರೀಯರು ಒಂದರಿಂದ ಒಂದೂವರೆ ವರ್ಷ ಗರ್ಭಧಾರಣೆಯನ್ನು ಮುಂದೂಡುವುದು ಕ್ಷೇಮ. ಕಬ್ಬಿಣ, ಸುಣ್ಣ, ಜೀವಸತ್ವಗಳ ಮಾತ್ರೆ ಜೀವಮಾನಪರ್ಯಂತ ಬೇಕು. ಬಿ-12 ಜೀವಸತ್ವದ ವಿಷಯದಲ್ಲಂತೂ ಹಾಲು ಮೊಸರನ್ನೇ ನೆಚ್ಚಿದ ಸಸ್ಯಾಹಾರಿಗಳು ಮೊದಲೇ ಬಡವರು. ಜಠರ ಕುಗ್ಗಿದ ಮೇಲೆ ಅದು ಮೈಗೆ ಹತ್ತುವುದು ಮತ್ತಷ್ಟು ಕಷ್ಟ. ಕೊರತೆ ತಲೆದೋರಿದಾಗ ಪಾದಗಳಲ್ಲಿ ಜೋಮು, ಮರೆವು, ನಿಶ್ಶಕ್ತಿ ಮೆಲ್ಲಗೆ ಆವರಿಸುವುದರಿಂದ ವರ್ಷಗಟ್ಟಲೆ ಗೊತ್ತಾಗದೆಯೂ ಇರಬಹುದು. ಆದುದರಿಂದ ರಕ್ತಪರೀಕ್ಷೆ ಮೊದಲ ವರ್ಷ ಹಲವು ಬಾರಿ, ತರುವಾಯ ವರ್ಷಕ್ಕೊಮ್ಮೆಯಾದರೂ ಆಗಬೇಕು. ಮೈ ಹಗುರವಾಗಿ ಎಲ್ಲವೂ ಸರಿಯಿದೆಯೆನಿಸಿದ ವರ್ಷಗಳಲ್ಲಿಯೂ.