ರಾಜ್ಯವಾಗಿದ್ದ ಕೊಡಗು ಜಿಲ್ಲೆಯಾದಾಗ ಬದಲಾದದ್ದೇನು?

ಚಿಕ್ಕ ನಾಡೊಂದು ದೊಡ್ಡ ಆಡಳಿತದಲ್ಲಿ ವಿಲೀನಗೊಂಡಾಗ ಮೊದಲು ಬದಲಾಗುವುದು ಭೂಪಟ. ಕ್ರಮೇಣ ಅಲ್ಲಿನ ಜನ ತಮ್ಮನ್ನು ಗುರುತಿಸಿಕೊಳ್ಳುವ ಬಗೆಯೂ ಬದಲಾಗುತ್ತದೆ. ಎರಡು ಬಾರಿ ಇಂತಹ ಸೇರ್ಪಡೆಯನ್ನು ಕಂಡ ಕೊಡಗು ಇದಕ್ಕೆ ನಿದರ್ಶನ.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಹಾಲೇರಿ ವಂಶದ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಘಟ್ಟದ ಕೆಳಗಿನ ಅಮರ ಸುಳ್ಯ ಹಾಗೂ ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯರೂಪದ ಕಂದಾಯವನ್ನು ನಗದಿನಲ್ಲಿ ಕಟ್ಟಬೇಕಾಗಿ ಬಂದದ್ದು ಅಲ್ಲಿನ ರೈತರನ್ನು ಕೆರಳಿಸಿತು. 1837ರ ಅಮರ ಸುಳ್ಯ ದಂಗೆ ಮಂಗಳೂರಿನವರೆಗೂ ವ್ಯಾಪಿಸಿತು. ದಂಗೆ ಅಡಗಿದರೂ ಗಡಿ ಹಾಗೆಯೇ ಉಳಿಯಿತು. ಅರೆಭಾಷೆಯನ್ನಾಡುವ ಒಂದೇ ಸಮುದಾಯ ಎರಡು ಜಿಲ್ಲೆಗಳಲ್ಲಿ ಹಂಚಿಹೋಯಿತು.

ಇತ್ತ ಬ್ರಿಟಿಷರು 1861ರಲ್ಲಿ ಕೊಡಗಿನವರಿಗೆ ಶಸ್ತ್ರಾಸ್ತ್ರ ಕಾಯ್ದೆಯಿಂದ ವಿನಾಯಿತಿ ನೀಡಿದರು. ಕೊಡವರು ಹಾಗೂ ಜಮ್ಮಾ ಹಿಡುವಳಿದಾರರಿಗೆ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. ಕೈಲ್‌ಪೊಳ್ದ್‌ನಲ್ಲಿ ಆಯುಧ ಪೂಜಿಸುವ ಹಳೆಯ ಸಂಪ್ರದಾಯಕ್ಕೆ ಹೀಗೆ ಕಾನೂನಿನ ಮುದ್ರೆಯೂ ದೊರೆಯಿತು. ಸೇರ್ಪಡೆ ಎಂಬುದು ಅಸ್ಮಿತೆಯನ್ನು ಸದಾ ಅಳಿಸುವುದಿಲ್ಲ. ಕೆಲವೊಮ್ಮೆ ಅದನ್ನು ಕಡತಕ್ಕಿಳಿಸಿ ಗಟ್ಟಿಗೊಳಿಸುತ್ತದೆ.

ಎರಡನೆಯ ತಿರುವು ಸ್ವಾತಂತ್ರ್ಯಾನಂತರದ್ದು. 'ಸಿ' ವರ್ಗದ ರಾಜ್ಯವಾಗಿದ್ದ ಕೊಡಗಿಗೆ 1952ರಲ್ಲಿ 24 ಸದಸ್ಯರ ವಿಧಾನಸಭೆಯಿತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. 2008ರ ಚುನಾವಣೆಯಿಂದ ಜಿಲ್ಲೆಗೆ ಇರುವುದು ಮಡಿಕೇರಿ ಮತ್ತು ವಿರಾಜಪೇಟೆ ಎಂಬ ಎರಡೇ ವಿಧಾನಸಭಾ ಕ್ಷೇತ್ರಗಳು. ಒಂದು ಕಾಲಕ್ಕೆ ತನ್ನದೇ ಆಗಿದ್ದ ಲೋಕಸಭಾ ಸ್ಥಾನ ಈಗ ಮೈಸೂರಿನೊಂದಿಗೆ ಹಂಚಿಕೆಯಾಗಿದೆ. ಕ್ಷೇತ್ರಗಳ ಸಂಖ್ಯೆ ಜನಸಂಖ್ಯೆಯನ್ನು ಆಧರಿಸುವುದರಿಂದ ವಿರಳ ಜನವಸತಿಯ ಗುಡ್ಡನಾಡಿಗೆ ಇದು ಅನಿವಾರ್ಯ. ಅಧಿಕಾರ ದೂರವಾಯಿತೆಂಬ ಭಾವನೆಯ ಮೂಲವೂ ಇಲ್ಲಿಯೇ ಇದೆ.

ಕೊಡವ ಭಾಷೆ ಪ್ರಧಾನವಾಗಿ ಕನ್ನಡ ಲಿಪಿಯನ್ನೇ ಬಳಸುತ್ತದೆ. ಹಾಲೇರಿ ಅರಸರ ಆಡಳಿತ ಭಾಷೆಯೂ ಕನ್ನಡವೇ ಆಗಿತ್ತು. ಆದ್ದರಿಂದ ಇಲ್ಲಿನ ಅಸಮಾಧಾನವನ್ನು ಕನ್ನಡದ ವಿರುದ್ಧದ ದನಿಯೆಂದು ಭಾವಿಸುವುದು ತಪ್ಪಾದೀತು. ಕೊಡವ ಹಾಗೂ ಅರೆಭಾಷೆಗಳಿಗೆ ರಾಜ್ಯ ಸರ್ಕಾರ ಪ್ರತ್ಯೇಕ ಅಕಾಡೆಮಿಗಳನ್ನು ಸ್ಥಾಪಿಸಿದೆ. ಆದರೆ ಅಕಾಡೆಮಿ ಭಾಷೆಗೆ ಮನ್ನಣೆ ನೀಡಬಲ್ಲದೇ ಹೊರತು, ಶಾಸನಸಭೆಯಲ್ಲಿ ಕಳೆದುಕೊಂಡ ಸ್ಥಾನಗಳನ್ನು ಮರಳಿಸಲಾರದು. ಸ್ವಾಯತ್ತತೆಯ ಬೇಡಿಕೆ ಆಗಾಗ್ಗೆ ತಲೆಯೆತ್ತುವುದರ ಹಿಂದೆ ಈ ಅಂತರವಿದೆ.