ಗೋವಾಕ್ಕೆ ಟಿಕೆಟ್ ಕೊಳ್ಳೋ ಮುಂಚೆ...

ಗೋವಾ ಅಂದ್ರೆ ಸಾಕು, ನಮ್ಮ ಹುಡುಗರ ಕಿವಿ ನೆಟ್ಟಗಾಗುತ್ತೆ! 1968ರಲ್ಲಿ ಅಣ್ಣಾವ್ರು ‘ಗೋವಾದಲ್ಲಿ ಸಿ.ಐ.ಡಿ. 999’ ಆಗಿ ಬಂದಾಗಿನಿಂದ ಹತ್ತಿದ ಹುಚ್ಚು ಇದು. 1972ರಲ್ಲಿ ಮೆಹಮೂದ್ ಕಂಡಕ್ಟರಾಗಿ ‘ಬಾಂಬೆ ಟು ಗೋವಾ’ ಬಸ್ಸು ಬಿಟ್ಟ ಮೇಲಂತೂ ಕೇಳೋದೇ ಬೇಡ. ಆದರೆ ತೆರೆಯ ಮೇಲೆ ಡೈರೆಕ್ಟರು ‘ಕಟ್’ ಅಂದರೆ ಸಾಕು, ಹೀರೋ ಬೀಚಿನಲ್ಲಿರುತ್ತಾನೆ. ನಮಗೆ ಆ ಸೌಕರ್ಯ ಇಲ್ಲವಲ್ಲ, ಗೆಳೆಯರೇ!

ಯಾವ ಗೋವಾ ಸ್ವಾಮಿ?

‘ಗೋವಾ’ ಅನ್ನೋ ಹೆಸರಿನ ಸ್ಟೇಷನ್ನೂ ಇಲ್ಲ, ಬಸ್ ಸ್ಟ್ಯಾಂಡೂ ಇಲ್ಲ. ಮೊದಲು ಬೀಚು ಆರಿಸಿ, ಆಮೇಲೆ ಟಿಕೆಟ್ ಕೊಳ್ಳಿ. ಕಲಂಗುಟ್, ಬಾಗಾ ಉತ್ತರದಲ್ಲಿವೆ. ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿಯೋ ಬಸ್ಸು ಹಿಡಿದು ಪಣಜಿಗೋ ಮಾಪುಸಾಕ್ಕೋ ಹೋದರೆ ಬೀಚು ಹತ್ತಿರ. ಕೋಲ್ವಾ ದಕ್ಷಿಣದ್ದು; ಮಡಗಾಂವ್ ಸ್ಟೇಷನ್ನಿಂದ ಐದಾರು ಕಿ.ಮೀ. ಅಷ್ಟೆ. ಕರಾವಳಿಯವರಿಗೆ 1998ರಿಂದ ಕೊಂಕಣ ರೈಲು ಇದೆ. ಕಾರವಾರ ದಾಟಿ ಕಾಣಕೋಣದಲ್ಲಿ ಇಳಿದರೆ ಪಾಲೋಲೆಮ್ ಬೀಚು ಪಕ್ಕದಲ್ಲೇ. ಇದು ತಿಳಿಯದೆ ಮಡಗಾಂವ್‌ನಲ್ಲಿ ಇಳಿದು ಕಲಂಗುಟ್‌ಗೆ ಟ್ಯಾಕ್ಸಿ ಹಿಡಿದಿರೋ, ಸುಮಾರು 50 ಕಿ.ಮೀ.! ಊಟದ ದುಡ್ಡು ಅಲ್ಲೇ ಖಲಾಸ್.

ಹಳದಿ ಮಡ್‌ಗಾರ್ಡಿನ ‘ಪೈಲಟ್’

ಒಬ್ಬರೇ ಹೋಗಿದ್ದರೆ ‘ಪೈಲಟ್’ ಹುಡುಕಿ. ಹಳದಿ ಮಡ್‌ಗಾರ್ಡಿನ ಮೋಟಾರ್ ಸೈಕಲ್ ಟ್ಯಾಕ್ಸಿ ಓಡಿಸೋರಿಗೆ ಅಲ್ಲಿ ಹಾಗೇ ಅನ್ನೋದು. ಹತ್ತೋ ಮುಂಚೆಯೇ ರೇಟು ಮಾತಾಡಿಬಿಡಿ. ಬಾಡಿಗೆ ಸ್ಕೂಟರ್ ಬೇಕಾದರೆ ಕಪ್ಪು ಪ್ಲೇಟಿನ ಮೇಲೆ ಹಳದಿ ನಂಬರ್ ಇರೋದನ್ನೇ ತಗೊಳ್ಳಿ. ಬಿಳಿ ಪ್ಲೇಟಿನದು ಅಗ್ಗಕ್ಕೆ ಸಿಕ್ಕೀತು, ಪೊಲೀಸರೂ ಸಿಕ್ಕಾರು!

ಹಾಲಿನಂಥ ನೀರು, ಹುಷಾರಿ!

ಇನ್ನು ಯಶವಂತಪುರ–ವಾಸ್ಕೋ ರೈಲು. ಹುಬ್ಬಳ್ಳಿ, ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಿಂದ ಕುಳೆಮ್‌ವರೆಗೆ 26 ಕಿ.ಮೀ. ಘಾಟಿ ಇಳಿಯುತ್ತೆ. 37 ಅಡಿ ಮುಂದೆ ಹೋದರೆ ಒಂದಡಿ ಕೆಳಕ್ಕೆ, ಅಂಥ ಇಳಿಜಾರು! ನಡುವೆ ದೂಧಸಾಗರ ಜಲಪಾತ. 2013ರ ‘ಚೆನ್ನೈ ಎಕ್ಸ್‌ಪ್ರೆಸ್’ನಲ್ಲಿ ಶಾರುಕ್ ಖಾನ್ ರೈಲು ಅಲ್ಲಿ ನಿಂತದ್ದು ನೋಡಿ ನಮ್ಮ ಹುಡುಗರಿಗೂ ಇಳಿಯೋ ಆಸೆ. ಮುಂಬೈನಿಂದ ಚೆನ್ನೈಗೆ ಹೋಗೋ ನಿಜವಾದ ರೈಲು ಆ ದಾರಿಗೇ ಬರೋಲ್ಲ, ಅದು ಬೇರೆ ಮಾತು! 2023ರ ಜುಲೈನಲ್ಲಿ ಹಳಿ ಮೇಲೆ ನಡೆದು ಜಲಪಾತಕ್ಕೆ ಹೊರಟವರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದರು. ಬಸ್ಕಿ ಹೊಡೆದವರು ಮನೆಗಾದರೂ ಬಂದರು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆ, ಮುಂದೆ ಸುರಂಗ. ರೈಲು ಬಂದರೆ ಓಡೋದೆಲ್ಲಿಗೆ? ಸ್ಟಂಟ್ ಮಾಸ್ಟರ್ ಅಲ್ಲಿರೋಲ್ಲ, ಡ್ಯೂಪೂ ಇರೋಲ್ಲ. ಕಿಟಕಿ ಪಕ್ಕ ಕೂತು ನೋಡಿ, ಕಣ್ಣು ತುಂಬುತ್ತೆ.

ಕೊನೇ ಮಾತು: ಜಲಪಾತ ಬೇಕಾದರೆ ಮಳೆಗಾಲದಲ್ಲಿ ಹೋಗಿ, ಆದರೆ ಆಗ ಸಮುದ್ರಕ್ಕೆ ಇಳಿಯಬೇಡಿ. ಅಲೆಯಲ್ಲಿ ಆಡಬೇಕಾದರೆ ನವೆಂಬರ್ ಬರಲಿ. ವಾಪಸ್ ಟಿಕೆಟ್ ಮಾತ್ರ ಹೊರಡೋ ದಿನವೇ ಜೇಬಿನಲ್ಲಿರಲಿ!