ಬೇರೆ ವರ್ಕ್‌ಬುಕ್‌ಗೆ ಜೋಡಿಸಿದ ಎಕ್ಸೆಲ್ ಚಾರ್ಟ್‌ಗಳು: ದೋಷಗಳು ಮತ್ತು ಪರಿಹಾರ

ಸಾಲ, ಸಹಾಯಧನ ಮುಂತಾದ ಸೌಲಭ್ಯಗಳನ್ನು ಕೋರುವ ಅರ್ಜಿದಾರರು ಯೋಜನಾ ವರದಿಯೊಂದಿಗೆ ಎಕ್ಸೆಲ್ ಕಡತವನ್ನೂ ಲಗತ್ತಿಸುವುದುಂಟು. ಲೆಕ್ಕವು ಒಂದು ವರ್ಕ್‌ಬುಕ್‌ನಲ್ಲಿಯೂ ಅದನ್ನಾಧರಿಸಿದ ಚಾರ್ಟ್ ಮತ್ತೊಂದರಲ್ಲಿಯೂ ಇದ್ದಲ್ಲಿ, ಅರ್ಜಿದಾರರ ಗಣಕಯಂತ್ರದಲ್ಲಿ ಸರಿಯಾಗಿದ್ದ ಚಾರ್ಟ್ ಕಚೇರಿಯಲ್ಲಿ ತೆರೆದಾಗ ಹಳೆಯ ಅಂಕಿಗಳನ್ನು ಅಥವಾ ಶೂನ್ಯವನ್ನು ತೋರಿಸಬಹುದು. ಕೋಷ್ಟಕದಲ್ಲಿ ಒಂದು ಆದಾಯ, ಚಾರ್ಟ್‌ನಲ್ಲಿ ಮತ್ತೊಂದು ಆದಾಯ ಕಂಡುಬಂದರೆ ಪರಿಶೀಲನೆಯಲ್ಲಿ ಸಂದೇಹ ಮೂಡುವುದು ಸಹಜ.

ಇಂತಹ ಚಾರ್ಟ್ ಇರುವ ಕಡತದಲ್ಲಿ ಮೂಲ ದತ್ತಾಂಶವಿರುವುದಿಲ್ಲ. ಮೂಲ ಕಡತದ ಹೆಸರು, ಅದಿರುವ ಫೋಲ್ಡರ್‌ನ ಮಾರ್ಗ ಹಾಗೂ ಕೊನೆಯ ಬಾರಿ ಓದಿದ ಅಂಕಿಗಳ ಪ್ರತಿ ಮಾತ್ರ ಇರುತ್ತವೆ. ಮೂಲ ಕಡತದ ಹೆಸರನ್ನು ಬದಲಿಸಿದರೆ ಅಥವಾ ಚಾರ್ಟ್‌ನ ಕಡತವನ್ನಷ್ಟೇ ಕಳುಹಿಸಿದರೆ ಸಂಪರ್ಕ ತಪ್ಪುತ್ತದೆ. ಆದರೂ ಚಾರ್ಟ್ ಹಳೆಯ ಪ್ರತಿಯನ್ನೇ ತೋರಿಸುತ್ತಿರುವುದರಿಂದ ದೋಷವು ತಕ್ಷಣ ಗಮನಕ್ಕೆ ಬರುವುದಿಲ್ಲ.

ಚಾರ್ಟ್‌ನ ಒಂದು ಸ್ತಂಭದ ಮೇಲೆ ಕ್ಲಿಕ್ ಮಾಡಿದಾಗ ಸೂತ್ರಪಟ್ಟಿಯಲ್ಲಿ ಚೌಕಾವರಣದೊಳಗೆ ಬೇರೆ ಕಡತದ ಹೆಸರು ಕಂಡರೆ ಆ ಚಾರ್ಟ್ ಹೊರಗಿನ ದತ್ತಾಂಶವನ್ನು ಅವಲಂಬಿಸಿದೆ ಎಂದು ತಿಳಿಯಬೇಕು. ಡೇಟಾ ಟ್ಯಾಬ್‌ನ 'ಎಡಿಟ್ ಲಿಂಕ್ಸ್' ಮೂಲಕ, 'ಚೇಂಜ್ ಸೋರ್ಸ್' ಆಯ್ದು ಮೂಲ ಕಡತದ ಹೊಸ ಸ್ಥಳವನ್ನು ತೋರಿಸಬಹುದು. ಇತ್ತೀಚಿನ ಆವೃತ್ತಿಗಳಲ್ಲಿ ಈ ಸೌಲಭ್ಯ 'ವರ್ಕ್‌ಬುಕ್ ಲಿಂಕ್ಸ್' ಎಂಬ ಹೆಸರಿನಲ್ಲಿದೆ.

ಶೂನ್ಯದ ಸಮಸ್ಯೆ ಇದಕ್ಕಿಂತ ಗಂಭೀರವಾದುದು. ಸಮ್‌ಇಫ್, ಕೌಂಟ್‌ಇಫ್, ಇನ್‌ಡೈರೆಕ್ಟ್ ಸೂತ್ರಗಳು ಬೇರೆ ವರ್ಕ್‌ಬುಕ್ಕನ್ನು ಆಧರಿಸಿದ್ದು, ಅದು ಮುಚ್ಚಿರುವಾಗ ಮರುಲೆಕ್ಕವಾದರೆ ಮೊತ್ತದ ಬದಲು ದೋಷಸೂಚನೆ ನೀಡುತ್ತವೆ. 'ಎನ್‌ಎ' ದೋಷವನ್ನು ಹೊರತುಪಡಿಸಿ ಉಳಿದ ದೋಷಗಳನ್ನು ಚಾರ್ಟ್ ಶೂನ್ಯವೆಂದೇ ಚಿತ್ರಿಸುತ್ತದೆ. ಮಾರಾಟವಾಗಿದ್ದ ತಿಂಗಳೂ ಮಾರಾಟವಿಲ್ಲದ ತಿಂಗಳಂತೆ ಕಾಣುವುದು ಹೀಗೆ. ಸಮ್‌ಇಫ್ ಲೆಕ್ಕವನ್ನು ಮೂಲ ವರ್ಕ್‌ಬುಕ್‌ನಲ್ಲಿಯೇ ಮಾಡಿ, ಫಲಿತಾಂಶದ ಕೋಶವನ್ನು ಮಾತ್ರ ಜೋಡಿಸಿದರೆ ಈ ತೊಂದರೆ ಇರುವುದಿಲ್ಲ. ಅಂಕಿಗಳು ಪಠ್ಯರೂಪದಲ್ಲಿ ನಮೂದಾಗಿದ್ದರೂ ಶೂನ್ಯವೇ ಬರುತ್ತದೆ.

ಸಲ್ಲಿಸುವ ಕಡತದಲ್ಲಿ ಹೊರಗಿನ ಸಂಪರ್ಕವನ್ನೇ ಇಡದಿರುವುದು ಉತ್ತಮ. ಎರಡೂ ವರ್ಕ್‌ಬುಕ್‌ಗಳನ್ನು ತೆರೆದು, ಮೂಲ ಹಾಳೆಯ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ, 'ಮೂವ್ ಆರ್ ಕಾಪಿ' ಮೂಲಕ ಅದರ ಪ್ರತಿಯನ್ನು ಚಾರ್ಟ್ ಇರುವ ವರ್ಕ್‌ಬುಕ್‌ಗೆ ತರಬೇಕು. ಅನಂತರ ಚಾರ್ಟ್‌ನಲ್ಲಿ 'ಸೆಲೆಕ್ಟ್ ಡೇಟಾ' ಆಯ್ದು, ಪ್ರತಿ ಸರಣಿಯನ್ನೂ ಹೊಸ ಹಾಳೆಗೆ ಜೋಡಿಸಬೇಕು. ತಂದ ಹಾಳೆಯ ಸೂತ್ರಗಳು ಹಳೆಯ ವರ್ಕ್‌ಬುಕ್‌ನ ಇತರ ಹಾಳೆಗಳನ್ನು ಆಧರಿಸಿದ್ದರೆ ಸಂಪರ್ಕವೂ ಅವುಗಳೊಡನೆ ಬಂದಿರುತ್ತದೆ. ಅಂತಹ ಕೋಶಗಳಲ್ಲಿ ಮೌಲ್ಯಗಳನ್ನಷ್ಟೇ ಅಂಟಿಸುವುದು. 'ಬ್ರೇಕ್ ಲಿಂಕ್' ಆಯ್ಕೆಯನ್ನು ಬಳಸಿದರೆ ಅದನ್ನು ಹಿಂದಕ್ಕೆ ಪಡೆಯಲಾಗದು. ಆದ್ದರಿಂದ ಮೊದಲು ಕಡತದ ಒಂದು ಪ್ರತಿಯನ್ನು ಉಳಿಸಿಕೊಳ್ಳುವುದು ಅವಶ್ಯಕ.

ಇಷ್ಟಾದರೂ ಎಚ್ಚರಿಕೆಯ ಸಂದೇಶ ಬರುತ್ತಿದ್ದಲ್ಲಿ ಚಾರ್ಟ್‌ನ ಶೀರ್ಷಿಕೆ ಮತ್ತು 'ನೇಮ್ ಮ್ಯಾನೇಜರ್' ಪರಿಶೀಲಿಸಬೇಕು. ಕೋಶಗಳಲ್ಲಿ ನಡೆಸುವ ಹುಡುಕಾಟಕ್ಕೆ ಚಾರ್ಟ್‌ನೊಳಗಿನ ಸಂಪರ್ಕ ಸಿಗುವುದಿಲ್ಲ. ಉಳಿದುಹೋದ ಮಾರ್ಗದಲ್ಲಿ ಗಣಕಯಂತ್ರದ ಬಳಕೆದಾರರ ಹೆಸರೂ ಇರಬಹುದು ಎಂಬುದನ್ನು ಗಮನಿಸತಕ್ಕದ್ದು.

ಸಲ್ಲಿಸುವ ಮುನ್ನ ಕಡತವನ್ನು ಮೂಲ ವರ್ಕ್‌ಬುಕ್ ಇಲ್ಲದ ಬೇರೊಂದು ಗಣಕಯಂತ್ರದಲ್ಲಿ ತೆರೆದು, ಕೋಷ್ಟಕದ ಒಂದು ಅಂಕಿಯನ್ನು ಬದಲಿಸಿ ನೋಡಬೇಕು. ಚಾರ್ಟ್ ಕೂಡಲೇ ಬದಲಾದರೆ ಜೋಡಣೆ ಸರಿಯಾಗಿದೆ. ಪರೀಕ್ಷೆಯ ನಂತರ ಬದಲಾವಣೆಯನ್ನು ಉಳಿಸದೆ ಕಡತವನ್ನು ಮುಚ್ಚುವುದು.